ಪರದೆಯಾಚೆಯ ಕೈ

ಐದನೆಯ ತಿಂಗಳು, ಆರನೆಯ ದಿನ

ಹಳದಿ ನದಿ ದಾಟಿ ಹುವಾಯಾನ್ ಕೋಟೆ ಸೇರಿದೆವು. ದಾರಿಯುದ್ದಕ್ಕೂ ಧೂಳಿಗೆ, ಕುದುರೆಗೆ, ಛತ್ರದ ತಿಗಣೆಗೆ ಬೈಯುತ್ತಲೇ ಬಂದವನು ನಾನು. ಕೋಟೆಯ ಬಾಗಿಲು ಹಿಂದೆ ಮುಚ್ಚಿಕೊಂಡ ಸದ್ದು ಕೇಳಿದ ಮೇಲೆ ಬಾಯಿ ಕಟ್ಟಿತು.

ಈ ಸೀಮೆಯ ಅಧಿಪತಿ ಸೇನಾಪತಿ ಮಾ ಟಿಂಗ್‌ಯುಯೆಗೆ ಕಾಯಿಲೆ ಎಂದು ಚಾಂಗಾನ್‌ಗೆ ಸುದ್ದಿ ಹೋಗಿತ್ತು. ಚಕ್ರವರ್ತಿಗಳು ಕೃಪೆಯಿಟ್ಟು ಅರಮನೆಯ ವೈದ್ಯನನ್ನು ಕಳಿಸಿದ್ದಾರೆ. ಕೃಪೆಯೇನೋ ಹೌದು, ಆದರೆ ಮದ್ದು ಕೊಡುವುದಕ್ಕೆ ನನ್ನನ್ನು ಕಳಿಸಿಲ್ಲ ಎಂಬುದು ಕುದುರೆ ಹಿಡಿಯುವವನಿಗೂ ಗೊತ್ತು. ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ನೋಡಿಕೊಂಡು ಬರಬೇಕು. ಸತ್ತಿದ್ದರೆ ಆಸ್ಥಾನ ತನ್ನ ಕಡೆಯವನನ್ನು ಆ ಪೀಠಕ್ಕೆ ಕಳಿಸುತ್ತದೆ. ಇಲ್ಲಿಯ ಸೈನ್ಯಕ್ಕೆ ಅದು ಬೇಕಿಲ್ಲ. ಇವರ ಪದ್ಧತಿಯಲ್ಲಿ ಅಧಿಪತಿ ಸತ್ತರೆ ಮೊದಲು ಅಳುವುದಿಲ್ಲ. ತಮ್ಮವನೊಬ್ಬನನ್ನು ಪೀಠದಲ್ಲಿ ಗಟ್ಟಿಯಾಗಿ ಕೂರಿಸಿ, ಅವನಿಗೆ ಅಧಿಕಾರದ ಗುರುತಾದ ಧ್ವಜ-ದಂಡ ಕೊಡಿ ಎಂದು ಆಸ್ಥಾನವನ್ನು ಒಪ್ಪಿಸಿಕೊಂಡ ಮೇಲೆಯೇ ಅಳುವುದು. ಒಪ್ಪದಿದ್ದರೆ ಯುದ್ಧ.

ನನ್ನ ಜೊತೆ ಬಂದಿರುವ ರಾಜದೂತ ತಾವ್ ಅಂತಃಪುರದ ನಪುಂಸಕ ಅಧಿಕಾರಿ. ಅವನಿಗೆ ಅತಿಥಿಗೃಹ, ನನಗೆ ಸೇನಾಪತಿಯ ಮನೆಯ ಹಿತ್ತಿಲಲ್ಲಿ ಒಂದು ಕೋಣೆ. ಬಾಗಿಲಲ್ಲಿ ಇಬ್ಬರು ಈಟಿಯವರು. ನನ್ನ ರಕ್ಷಣೆಗಂತೆ.

ಹೊರಡುವಾಗ ನನ್ನವಳು, "ನೋಡಿದ್ದನ್ನ ನೋಡಿದ ಹಾಗೆ ಹೇಳ್ಬೇಡಿ, ಸುಮ್ನೆ ಬಂದ್ಬಿಡಿ," ಎಂದಿದ್ದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಮಾತು ಕೇಳಬೇಕೆನ್ನಿಸುತ್ತಿದೆ.

ಎಂಟನೆಯ ದಿನ

ಇದನ್ನು ಬರೆಯಬಾರದು. ಮದ್ದು ಕಟ್ಟುವ ಕಾಗದದ ಮೇಲೆ ಬರೆದು, ನಾತ ಹೊಡೆಯುವ ಬೇರಿನ ಕೆಳಗೆ ಇಡುತ್ತಿದ್ದೇನೆ. ಬರೆಯದಿದ್ದರೆ ಯಾರ ಹತ್ತಿರವಾದರೂ ಬಾಯಿಬಿಟ್ಟೇನು ಎಂಬ ಹೆದರಿಕೆ.

ಬೆಳಿಗ್ಗೆ ಅಂಗರಕ್ಷಕರ ನಾಯಕ ಹೌ ಬಂದು ಕರೆದುಕೊಂಡು ಹೋದ. ದಪ್ಪ ಮನುಷ್ಯ, ನಗುಮುಖ. ಈ ಕೋಟೆಯಲ್ಲಿ ನಡೆಯುವುದೆಲ್ಲ ಅವನು ಹೇಳಿದ್ದೇ. ಒಳಕೋಣೆಯಲ್ಲಿ ಎಷ್ಟು ಧೂಪ ಹಾಕಿದ್ದರೆಂದರೆ ಕಣ್ಣು ಉರಿಯಿತು. ಧೂಪದ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಮೂಲೆಯಲ್ಲಿ ಸೇನಾಪತಿಯ ತಮ್ಮನ ಮಗ ಮಾ ಶುದಾ ನಿಂತಿದ್ದ. ಸೇನಾಪತಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಪೀಠಕ್ಕೆ ಇವನೇ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಮುಖ ಬಿಳಿಚಿಕೊಂಡಿತ್ತು.

"ಚಿಕ್ಕ ಗಾಳಿ ತಾಕಿದ್ರೂ ಆಗಲ್ಲ ಅವರಿಗೆ," ಎಂದ ಹೌ. "ಪರದೆ ತೆಗೆಯೋ ಹಾಗಿಲ್ಲ. ಕೈ ಕೊಡ್ತಾರೆ, ನೋಡಿ."

ಪರದೆಯ ಸಂದಿಯಿಂದ ಒಂದು ಕೈ ಬಂತು. ಒಣಕಲು ಕೈ, ಚರ್ಮಕ್ಕೆ ಅಕ್ರೋಟಿನ ಸಿಪ್ಪೆಯ ಬಣ್ಣ, ಹೆಬ್ಬೆರಳಿಗೆ ಬಿಲ್ಲುಗಾರರ ಹಸಿರು ಕಲ್ಲಿನ ಉಂಗುರ. ಉಂಗುರ ಜಾರದಂತೆ ಒಳಗೆ ದಾರ ಸುತ್ತಿದ್ದರು. ನಾಡಿಯ ಮೇಲೆ ಮೂರು ಬೆರಳಿಟ್ಟೆ.

ತಟ್ಟೆಯಲ್ಲಿ ಮುತ್ತು ಉರುಳಿದ ಹಾಗೆ, ದುಂಡಗೆ, ಜಾರುತ್ತ ಓಡುವ ನಾಡಿ. ಬೇರೆ ಸಲ ಇಂಥ ನಾಡಿ ಸಿಕ್ಕರೆ ಮನೆಯವರಿಗೆ ಸಿಹಿ ಕೊಡಿಸಿ ಎನ್ನುತ್ತೇನೆ. ಪರದೆಯ ಹಿಂದೆ ಇರುವುದು ಹೆಂಗಸು. ನಾಲ್ಕು ತಿಂಗಳ ಬಸುರಿ.

"ಏನು ವೈದ್ಯರೇ, ಬೆವರ್ತಿದೀರಿ?" ಎಂದ ಹೌ.

"ಸೆಕೆ. ಸೇನಾಪತಿಗಳಿಗೆ ಒಳಗೆ ಶೀತ ಕೂತಿದೆ."

"ನಾಡಿ ಇದೆ ತಾನೆ?"

"ಇದೆ."

"ಅಷ್ಟು ಸಾಕು ನಮ್ಗೆ," ಎಂದು ಅವನು ನನ್ನ ಬೆನ್ನು ತಟ್ಟಿದ. ದೊಡ್ಡ ಕೈ. ಅದು ಕುತ್ತಿಗೆಯ ಹತ್ತಿರ ಸ್ವಲ್ಪ ಹೊತ್ತು ಹಾಗೇ ಇತ್ತು.

ನೋಡುವವರಿಗೆ ಘನವಾಗಿ ಕಾಣಲೆಂದು ಒಂದು ದೊಡ್ಡ ಕಷಾಯ ಬರೆದುಕೊಟ್ಟು ಬಂದೆ.

ಒಂಬತ್ತನೆಯ ದಿನ

ಊಟ ಸೇರಲಿಲ್ಲ. ಬಾಗಿಲಲ್ಲಿ ಬೂಟಿನ ಸದ್ದಾದರೆ ಜೀವ ಬಾಯಿಗೆ ಬರುತ್ತದೆ.

ಹನ್ನೆರಡನೆಯ ದಿನ

ಎಲ್ಲ ಹೇಳಿಬಿಡೋಣವೆಂದು ರಾಜದೂತ ತಾವ್ ಹತ್ತಿರ ಹೋದೆ. ಅವನು ಹೌ ಕೊಟ್ಟ ಎರಡು ಕುದುರೆಗಳ ಹಲ್ಲು ನೋಡುತ್ತಿದ್ದ. ಮನುಷ್ಯ ಕೆಟ್ಟವನಲ್ಲ, ಅವನಿಗೂ ಹೆದರಿಕೆ. ಕಾವಲಿನವರು ದೂರ ಹೋಗುವವರೆಗೆ ಕುದುರೆಯ ವಿಷಯವನ್ನೇ ಮಾತಾಡಿದ.

"ಏನಯ್ಯಾ ಶು, ಮಾ ಸತ್ತಿದಾನೆ ಅಂತ ಹೇಳೋಕೆ ಬಂದ್ಯಾ? ಅದು ನಂಗೂ ಗೊತ್ತು. ಈ ಧೂಪದ ವಾಸನೆ ಬೀದಿಗೇ ಬರುತ್ತೆ."

"ಮತ್ತೆ ತಾವು ಬರೆದು ಕಳಿಸೋದು?"

"ಬರೆದ್ರೆ ನಾವಿಬ್ರೂ ವಾಪಸ್ ಹೋಗಲ್ಲ. ಅದಲ್ಲ ಆಸ್ಥಾನಕ್ಕೆ ಬೇಕಾಗಿರೋದು. ಮಾಗೆ ಸ್ವಂತ ಮಗು ಅಂತ ಎಲ್ಲಾದ್ರೂ ಒಂದಿದ್ರೆ ಹೇಳು. ಆ ಮಗೂಗೇ ಪಟ್ಟ ಅಂತ ಚಾಂಗಾನ್‌ನಿಂದ ಒಂದು ಆಜ್ಞೆ ಬಂದ್ರೆ ಸಾಕು, ಅರ್ಧ ಸೈನ್ಯ ಆ ಕಡೆ, ಅರ್ಧ ಈ ಕಡೆ. ಅವರವರೇ ಬಡಿದಾಡಿಕೊಂಡು ಸಾಯ್ತಾರೆ. ಕಂಡುಹಿಡಿದವನಿಗೆ ವೈದ್ಯಶಾಲೆಯ ಮುಖ್ಯಸ್ಥನ ಗಾದಿ."

"ಮಗೂನ ಹೌ ಬಿಡ್ತಾನಾ?"

"ಅದು ನಿನ್ನ ಚಿಂತೆನೂ ಅಲ್ಲ, ನಂದೂ ಅಲ್ಲ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಗಾದಿಗೆ ಹತ್ತು ವರ್ಷದಿಂದ ಕಾಯುತ್ತಿರುವವನು ನಾನು. ನೋಡುತ್ತೇನೆ ಎಂದಷ್ಟೇ ಹೇಳಿ ಎದ್ದುಬಂದೆ. ಯಾಕೆ ಹೇಳಲಿಲ್ಲವೋ ತಿಳಿಯದು. ಕುದುರೆಗಳು ಅಡ್ಡ ಇದ್ದವು, ಸರಿಯಾದ ಸಮಯವಲ್ಲ. ಮುಂದಿನ ಸಲ ಹೇಳಿದರಾಯಿತು.

ಹದಿನೈದನೆಯ ದಿನ

ನನ್ನ ಕೈಯಾರೆ ಎಂಥ ಕೆಲಸವಾಗಿಹೋಗುತ್ತಿತ್ತು.

ಇವತ್ತು ಪರದೆಯಿಂದ ಬಂದ ಕೈ ತಣ್ಣಗಿತ್ತು. ಉರುಳುತ್ತಿದ್ದ ನಾಡಿ ದಾರದ ಎಳೆಯಂತೆ ಸಣ್ಣಗಾಗಿ, ನಡುನಡುವೆ ತಪ್ಪುತ್ತಿತ್ತು. ನಾನು ಬರೆದುಕೊಟ್ಟಿದ್ದ ಕಷಾಯ ನೆನಪಾಯಿತು. ದಾಲ್ಚಿನ್ನಿ, ಪೀಚ್ ಹಣ್ಣಿನ ಬೀಜ, ರಕ್ತ ಓಡಿಸುವ ಇನ್ನೆರಡು ಬೇರು. ಸತ್ತವನ ಹೆಸರಿಗೆ ಬರೆದದ್ದಲ್ಲವೇ, ಯಾರು ಕುಡಿಯುತ್ತಾರೆ, ಮೋರಿಗೆ ಚೆಲ್ಲುತ್ತಾರೆ ಎಂದುಕೊಂಡಿದ್ದೆ. ಆದರೆ ಮನೆಯ ಆಳುಗಳಿಗೆ, ಕಾವಲಿನ ಸೈನಿಕರಿಗೆ ಸೇನಾಪತಿ ಬದುಕಿದ್ದಾನೆ. ದಿನವೂ ತುಂಬಿದ ಬಟ್ಟಲು ಒಳಗೆ ಹೋಗಬೇಕು, ಖಾಲಿ ಬಟ್ಟಲು ಹೊರಗೆ ಬರಬೇಕು. ಒಳಗೆ ಕೂತವಳು ಕುಡಿಯದೆ ಏನು ಮಾಡುತ್ತಾಳೆ? ಬಸಿರು ಇಳಿಸುವ ಮದ್ದನ್ನು ಒಂದು ವಾರ ನಾನೇ ಕುಡಿಸಿದ್ದೇನೆ.

ಅಲ್ಲೇ ಕೂತು ಬೇರೆ ಮದ್ದು ಬರೆದೆ. ಹೌ ಅದನ್ನು ತೆಗೆದುಕೊಂಡು ನಿಧಾನವಾಗಿ ಓದಿದ.

"ಕತ್ತೆ ಚರ್ಮದ ಅಂಟು," ಎಂದ. "ನನ್ನ ಹೆಂಡ್ತಿ ಹಿರೀ ಮಗನ್ನ ಹೊತ್ತಿದ್ದಾಗ ಇದನ್ನೇ ಕುಡೀತಿದ್ಲು."

ಮೂಲೆಯಲ್ಲಿದ್ದ ಶುದಾ ತಲೆ ಎತ್ತಿದ.

"ಮೂವತ್ತು ವರ್ಷ ಕುದುರೆ ಮೇಲೆ ಕೂತವರ ಸೊಂಟ, ನಾಯಕರೇ," ಎಂದೆ. "ಹೆತ್ತವಳ ಸೊಂಟಕ್ಕಿಂತ ಹೆಚ್ಚು ಸವೆದಿರುತ್ತೆ. ನಿಮಗೂ ಬೇಕಾದ್ರೆ ಬರೆದುಕೊಡ್ತೀನಿ."

ಅವನು ಹೊಟ್ಟೆ ಕುಣಿಸಿಕೊಂಡು ನಕ್ಕ. ನಾನೂ ನಕ್ಕೆ.

ಹದಿನೆಂಟನೆಯ ದಿನ

ನಾಡಿ ಕೊಂಚ ಮೇಲು. ಅಡುಗೆಮನೆಯವರಿಗೆ ಹೇಳಿ ನವಣೆ ಗಂಜಿಗೆ ಹುಳಿ ಪ್ಲಮ್ ಹಾಕಿಸಿದೆ, ಸೇನಾಪತಿಗೆ ಬಾಯಿರುಚಿ ಕೆಟ್ಟಿದೆ ಎಂದು. ಬಟ್ಟಲು ಸ್ವಚ್ಛವಾಗಿ ಖಾಲಿಯಾಗಿ ಬಂತು.

ಇಪ್ಪತ್ತೆರಡನೆಯ ದಿನ

ಕೋಟೆಯ ಬಾಗಿಲಲ್ಲಿ ಗದ್ದಲ. ಇನಾಮು ಯಾವಾಗ ಎಂದು ಅಂಗರಕ್ಷಕರು ಉಗ್ರಾಣದ ಅಧಿಕಾರಿಯೊಬ್ಬನನ್ನು ಹೊಡೆದು ಕೊಂದುಹಾಕಿದರು. ಇವರನ್ನು ಕಂಡರೆ ಇವರ ನಾಯಕನಿಗೇ ಭಯ, ಈಗ ತಿಳಿಯಿತು. ಹೊಸ ಅಧಿಪತಿ ಕೂರುವಾಗ ಇವರ ಕೈ ತುಂಬಿಸಬೇಕು, ಇಲ್ಲದಿದ್ದರೆ ಅವನ ತಲೆಯನ್ನೂ ಇವರೇ ತೆಗೆಯುತ್ತಾರೆ. ಹೌ ಶುದಾನನ್ನು ಎಳೆದುಕೊಂಡು ಹೊರಗೆ ಓಡಿದ. ಒಳಕೋಣೆಯಲ್ಲಿ ನಾನು, ಪರದೆ, ಕೈ.

ಪರದೆಯ ಆಚೆಯಿಂದ ಉಸಿರಿನಷ್ಟೇ ದನಿ.

"ಅಯ್ಯಾ, ನಿಮ್ಗೆ ಗೊತ್ತಾಗಿದೆ ಅಲ್ವಾ?"

"ಆಗಿದೆ. ಯಾರದಮ್ಮಾ?"

"ಇನ್ಯಾರದು? ಇಲ್ಲೇ ಮಲಗಿದಾರಲ್ಲ, ಅವರದ್ದೇ. ಇನ್ಯಾರಿಗೂ ಗೊತ್ತಿಲ್ಲ. ಕೈ ಸಣ್ಣಗಿದೆ ಅಂತ ನನ್ನ ಕೂರಿಸಿದ್ರು. ಹೇಳ್ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಶವವೂ ಅಲ್ಲೇ ಇದೆ, ಮಂಜುಗಡ್ಡೆಯ ತೊಟ್ಟಿಗಳ ನಡುವೆ. ಅದರ ಪಕ್ಕ ದಿನವಿಡೀ ಈ ಹುಡುಗಿ.

"ಹೆದರಬೇಡ. ಹೆದರಿದ್ರೆ ನಾಡಿ ಕೆಡುತ್ತೆ," ಎಂದೆ. ಹೇಳಿದವನ ನಾಡಿಯನ್ನು ಯಾರೂ ಹಿಡಿದು ನೋಡಲಿಲ್ಲ, ಪುಣ್ಯ.

ಅವಳ ಹೆಸರು ಲಿಂಗ್‌ಸು. ಸೇನಾಪತಿಯ ಕೊನೆಯ ಉಪಪತ್ನಿ, ಕಾಯಿಲೆಯಲ್ಲಿ ಸೇವೆ ಮಾಡಿದವಳು.

ಆರನೆಯ ತಿಂಗಳು, ಎರಡನೆಯ ದಿನ

ಹೌ ನನ್ನನ್ನು ಊಟಕ್ಕೆ ಕರೆದಿದ್ದ. ಕುರಿಮಾಂಸ, ಒಳ್ಳೆಯ ಮದ್ಯ. ಆಸ್ಥಾನ ಪಟ್ಟು ಸಡಿಲಿಸಿದೆಯಂತೆ. ಸೇನಾಪತಿ ತಾನೇ ನಿವೃತ್ತಿ ಕೇಳಿ ಶುದಾನನ್ನು ಮುಂದೆ ಮಾಡಿದರೆ ಧ್ವಜ-ದಂಡ ಬರುತ್ತದೆಯಂತೆ. ಆಮೇಲೆ ಸೇನಾಪತಿ ಹಾಯಾಗಿ ಸಾಯಬಹುದು.

"ಆಮೇಲೆ ಆ ಕೈ?" ಎಂದೆ. ಕುಡಿದವನ ಹಾಗೆ ನಗುತ್ತ ಕೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ.

"ವೈದ್ಯರೇ, ನೀವು ಜಾಣರು. ಮೊದ್ಲ ದಿನವೇ ಗೊತ್ತಾಗಿತ್ತು ನಿಮ್ಗೆ. ಸುಮ್ನಿದ್ರಿ, ಅದಕ್ಕೇ ಇನ್ನೂ ಕುರಿ ತಿಂತಾ ಇದೀರಿ. ಆ ಹುಡುಗಿ ಅವರ ಜೊತೆಗೇ ಹೋಗ್ತಾಳೆ. ಅಷ್ಟು ಸೇವೆ ಮಾಡಿದೋಳು, ಒಬ್ಬರನ್ನೇ ಕಳಿಸೋಕಾಗುತ್ತಾ? ರೇಷ್ಮೆ ವಸ್ತ್ರದಲ್ಲೇ ನೇಣು. ಪತಿವ್ರತೆ ಅಂತ ಕಲ್ಲು ನಿಲ್ಲಿಸ್ತೀವಿ."

ಬಸುರಿ ಎಂದು ತಿಳಿದರೆ ಇವತ್ತೇ, ತಿಳಿಯದಿದ್ದರೆ ಧ್ವಜ ಬಂದ ದಿನ. ತಾವ್‌ಗೆ ಹೇಳಿದರೆ ಅವನ ಆಜ್ಞೆ ಬರುವ ಮೊದಲೇ ಹೌಗೆ ತಿಳಿಯುತ್ತದೆ. ನಾನು ಸುಮ್ಮನಿದ್ದರೆ ಮನೆ ಸೇರುತ್ತೇನೆ. ಇದು ಸುಲಭದ ಲೆಕ್ಕ, ಆದರೂ ಮೂರು ಸಲ ಕೂಡಿಸಿ ನೋಡಿದೆ.

ಐದನೆಯ ತಿಂಗಳಿಗೆ ಬಿದ್ದಿದ್ದಾಳೆ. ಮದ್ದಿನಲ್ಲಿ ಬಸಿರು ನಿಲ್ಲಿಸುವ ಪೆರಿಲ್ಲಾ ಗಿಡದ ದಂಟು ಹೆಚ್ಚಿಸಿದೆ.

ಒಂಬತ್ತನೆಯ ದಿನ

ಬಾಯಿಬಿಟ್ಟೆ. ಏನು ಮಾಡಿದೆನೋ ನನಗೇ ಪೂರ್ತಿ ತಿಳಿದಿಲ್ಲ.

ಧ್ವಜ-ದಂಡ ನದಿ ದಾಟಿದೆ ಎಂದು ಸುದ್ದಿ ಬಂದಿತ್ತು. ರಾಜದೂತನೂ ಎಲ್ಲ ಸೇನಾನಿಗಳೂ ಕೂತಿದ್ದ ಸಭೆಯಲ್ಲಿ ಸೇನಾಪತಿಯ ಆರೋಗ್ಯ ಹೇಗಿದೆ ಎಂದು ಕೇಳಿದರು. ಕ್ಷೀಣಿಸುತ್ತಿದೆ ಎನ್ನಬೇಕೆಂದು ಹೌ ಹೇಳಿಕೊಟ್ಟಿದ್ದ. ನಾನು ಎದ್ದು ನಿಂತು, "ಚೇತರಿಸಿಕೊಳ್ತಿದಾರೆ," ಎಂದೆ. ನನ್ನ ದನಿ ಕೋಳಿಯ ದನಿಯ ಹಾಗಿತ್ತು. "ಆದ್ರೆ ಈ ಊರಿನ ಸೆಕೆ ಆಗೋದಿಲ್ಲ. ಬೆಟ್ಟದ ಮೇಲಿನ ದೇಗುಲಕ್ಕೆ ಮುಚ್ಚಿದ ಗಾಡಿಯಲ್ಲಿ ಕರ್ಕೊಂಡು ಹೋಗ್ಬೇಕು. ಗಾಡಿ ಪರದೆ ತೆಗೆಯೋ ಹಾಗಿಲ್ಲ. ಇದು ಅರಮನೆ ವೈದ್ಯನ ಮಾತು, ಅಂದ್ರೆ ಚಕ್ರವರ್ತಿಗಳ ಮಾತು."

ನಿಜ ತಿಳಿಯದ ಸೇನಾನಿಗಳಿಗೆ ಎಲ್ಲಿಲ್ಲದ ಸಂತೋಷ. ಒಬ್ಬ ಮುದುಕನಂತೂ ಕಣ್ಣೊರೆಸಿಕೊಂಡ. ಅವರ ಮುಂದೆ ಹೌ ಬೇಡ ಎನ್ನುವಂತಿರಲಿಲ್ಲ. ತಾವ್ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ. ಪಟ್ಟಣದ ಬಾಗಿಲವರೆಗೆ ತಾನೇ ಬಂದು ಬೀಳ್ಕೊಡುತ್ತೇನೆ ಎಂದೂ ಹೇಳಿದ. ಹಾಗಾದರೆ ಗಾಡಿಯಿಂದ ಕೈ ಹೊರಗೆ ಬರಲೇಬೇಕು, ಎಂದರೆ ಆ ಹುಡುಗಿಯನ್ನೇ ಗಾಡಿಯಲ್ಲಿ ಕೂರಿಸಬೇಕು.

ಹೊರಗೆ ಹೌ ನನ್ನ ತೋಳು ಹಿಡಿದ. ಮೂಳೆ ಮುರಿಯುವುದೆಂದೇ ತಿಳಿದೆ. ಆಮೇಲೆ ಅವನ ಮುಖ ಮೆಲ್ಲಗೆ ಅರಳಿತು.

"ದಾರೀಲಿ ಸತ್ರು ಅಂದ್ರಾಯ್ತು, ಅಲ್ವಾ? ಆಸ್ಥಾನದ ವೈದ್ಯನ ಮದ್ದು ಕುಡಿದು ಸತ್ರು. ಇಡೀ ಸೈನ್ಯ ನಂಬುತ್ತೆ. ನಿಮ್ಮ ತಲೆಗೆ ಇಷ್ಟೆಲ್ಲ ಹೊಳೆಯುತ್ತೆ ಅಂತ ಗೊತ್ತಿರ್ಲಿಲ್ಲ ವೈದ್ಯರೇ. ಹುಡುಗೀದೂ ಅಲ್ಲೇ ಮುಗಿಯುತ್ತೆ, ಬೆಟ್ಟದಲ್ಲಿ ನನ್ನವರಿಬ್ರು ಕಾಯ್ತಿರ್ತಾರೆ."

ತಲೆಯಾಡಿಸಿದೆ. ಬೆಟ್ಟಕ್ಕೆ ಎರಡು ದಿನದ ದಾರಿ.

ಹನ್ನೆರಡನೆಯ ದಿನ

ನಡುದಾರಿಯಲ್ಲಿ ಒಂದು ಸನ್ಯಾಸಿನಿಯರ ಮಠವಿದೆ. ಹೆಸರು ಬರೆಯುವುದಿಲ್ಲ. ಈ ಸೈನ್ಯದಲ್ಲಿ ಸತ್ತವರ ಹೆಸರಿನ ಹಲಗೆಗಳನ್ನೆಲ್ಲ ಅಲ್ಲಿಟ್ಟು ಪೂಜಿಸುತ್ತಾರೆ. ಸೈನಿಕರ ವಿಧವೆ ತಾಯಂದಿರೇ ಅಲ್ಲಿ ತಲೆ ಬೋಳಿಸಿಕೊಂಡಿರುವುದು. ಉಗ್ರಾಣದ ಅಧಿಕಾರಿಯನ್ನು ಕೋಟೆಯ ಬಾಗಿಲಲ್ಲಿ ಕೊಂದ ಇದೇ ಸೈನಿಕರು ಆ ಹೊಸ್ತಿಲನ್ನು ಆಯುಧ ಹಿಡಿದು ದಾಟುವುದಿಲ್ಲ. ಕೋಟೆಯಲ್ಲಿ ಕಾವಲಿನವರ ಹರಟೆಯಿಂದ ಇದನ್ನು ತಿಳಿದುಕೊಂಡಿದ್ದೆ.

ನಿನ್ನೆ ಸಂಜೆ ಗಾಡಿ ಅಲ್ಲಿಗೆ ಬಂದಾಗ, ಸೇನಾಪತಿಗೆ ಮಂತ್ರ ಕೇಳುತ್ತ ಮಲಗುವ ಆಸೆಯಾಗಿದೆ ಎಂದೆ. ಸೈನಿಕರು ತಾವೇ ಗಾಡಿಯನ್ನು ಹೊಸ್ತಿಲವರೆಗೆ ತಳ್ಳಿ, ಕೈಮುಗಿದು ಹಿಂದೆ ಸರಿದರು. ಒಳಗೆ ಎಳೆದವರು ಸನ್ಯಾಸಿನಿಯರು.

ಮಠದ ಹಿರಿಯಳು ಎಪ್ಪತ್ತು ದಾಟಿದವಳು. ಪರದೆ ಎತ್ತಿ ನೋಡಿ, "ಸೇನಾಪತಿ ಬಹಳ ಸಣ್ಣಗಾಗಿದಾರೆ," ಎಂದಳು. ಬೇರೇನೂ ಕೇಳಲಿಲ್ಲ. ಕ್ಷೌರದ ಕತ್ತಿ ತರಿಸಿ ಲಿಂಗ್‌ಸುವಿನ ತಲೆ ಬೋಳಿಸಲು ಕೂತಳು.

ಮೊದಲ ಸಲ ಅವಳ ಮುಖ ನೋಡಿದೆ. ಸಾಧಾರಣ ಮುಖ, ಮೂಗಿನ ಮೇಲೆ ಚುಕ್ಕೆ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು.

"ನೀವೂ ಇಲ್ಲೇ ಎಲ್ಲಾದ್ರೂ ಅಡಗಿ ಅಯ್ಯಾ," ಎಂದಳು.

"ಹೆಂಗಸರ ಮಠದಲ್ಲಿ ಈ ಗಡ್ಡ ಇಟ್ಕೊಂಡು? ನಾನಿಲ್ಲ ಅಂದ್ರೆ ಬೆಳಿಗ್ಗೆ ಇಲ್ಲೇ ಹುಡುಕ್ತಾರಮ್ಮ. ಗಾಡಿ ಜೊತೆ ನಾನು ಹೋಗ್ಬೇಕು."

ಅವಳು ಅತ್ತಳು. ಅಳಬಾರದು, ಹೊಟ್ಟೆ ಬಿಗಿಯುತ್ತದೆ ಎಂದು ಬೈದೆ. ಖಾಲಿ ಗಾಡಿ ಈಗ ಹೊರಡಬೇಕು. ಒಳಗೆ ಭತ್ತದ ಎರಡು ಚೀಲ ಇಟ್ಟಿದ್ದಾರೆ, ಭಾರಕ್ಕೆ.

ಹದಿಮೂರನೆಯ ದಿನ

ಬೆಟ್ಟದಲ್ಲಿ ಜೊತೆಯ ಸೈನಿಕರನ್ನು ಕೆಳಗೇ ನಿಲ್ಲಿಸಿ, ಹೌ ಕಡೆಯ ಇಬ್ಬರು ಗಾಡಿ ತೆರೆದರು. ಸೇನಾಪತಿ ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹುಡುಗಿಯೂ ಇಲ್ಲದ್ದನ್ನು ಕಂಡು ನನ್ನ ಹಲ್ಲು ಉದುರುವಂತೆ ಹೊಡೆದರು. ಮುಂಜಾನೆಯ ಕತ್ತಲಲ್ಲಿ ಸೇತುವೆ ದಾಟುವಾಗ, ಸೈನಿಕರು ಮುಂದೆ ಹೋಗಿದ್ದರು, ಹೊಳೆಗೆ ಹಾರಿಬಿಟ್ಟಳು ಎಂದೆ. ಅದನ್ನೇ ಹೇಳುತ್ತ ಹೋದೆ. ಹೊಳೆ ತುಂಬಿ ಹರಿಯುತ್ತಿದೆ, ನಮ್ಮ ಪುಣ್ಯ.

ಹದಿನೇಳನೆಯ ದಿನ

ಕೋಟೆಯ ನೆಲಮಾಳಿಗೆ. ಕಾಗದ ಉಳಿದಿರುವುದು ಆ ಬೇರಿನ ನಾತದಿಂದ. ಮದ್ದಿನ ಪೆಟ್ಟಿಗೆಯನ್ನು ಯಾರೂ ಮೂಸಲೂ ಹೋಗಿಲ್ಲ.

ಹೊರಗೆ ಅಳು ಶುರುವಾಗಿದೆ. ಎರಡು ತಿಂಗಳ ಹಿಂದೆ ಸತ್ತವನಿಗಾಗಿ ಇಡೀ ಪಟ್ಟಣ ಬಿಳಿ ಉಟ್ಟಿದೆಯಂತೆ. ಸೈನಿಕರು ನಿಜವಾಗಿಯೇ ಅಳುತ್ತಿದ್ದಾರೆ. ಶುದಾನಿಗೆ ಧ್ವಜ-ದಂಡ ಸಿಕ್ಕಿತು, ಇನಾಮು ಹಂಚಿದ್ದಾಯಿತು. ನಾನು ವಿಷ ಹಾಕಿದ ವೈದ್ಯ.

ಹೌ ಬಂದು ಮೆಟ್ಟಿಲ ಮೇಲೆ ಕೂತ. ನಗು ಇರಲಿಲ್ಲ.

"ಹೊಳೆಗೆ ಹಾರಿದ್ಲಾ ನಿಜವಾಗ್ಲೂ?"

"ಹಾರಿದ್ಲು."

"ಯಾಕೆ ಕೇಳ್ತೀನಿ ಅಂದ್ರೆ, ಆ ಅಂಟಿನ ಮದ್ದು. ನನ್ನ ಹೆಂಡ್ತಿ ಹತ್ರ ಮಾತಾಡ್ದೆ. ಸೊಂಟಕ್ಕೆ ಅಂತ ಅದನ್ನ ಗಂಡಸ್ರಿಗೆ ಯಾರೂ ಕೊಡಲ್ಲ ಅಂದ್ಲು."

ಹರಿದ ತುಟಿ ಒರೆಸಿಕೊಂಡೆ.

"ಹೊಳೆಗೇ ಹಾರಿದ್ಲು ನಾಯಕರೇ. ಹೊಟ್ಟೇಲಿ ಏನಿದ್ರೂ ಅದರ ಜೊತೆಗೇ."

ಅವನು ಎದ್ದು ಬಟ್ಟೆಯ ಧೂಳು ಕೊಡವಿಕೊಂಡ. "ಹಾರಿದ್ಲು ಅಂತಲೇ ಕಲ್ಲು ಕೆತ್ತಿಸ್ತಿದೀನಿ," ಎಂದ. "ಹುಡುಕಿಸಿದ್ರೆ ಶುದಾ ಎದುರಿಗೆ ಇನ್ನೊಬ್ಬ ಇದಾನೆ ಅಂತ ನಾನೇ ಡಂಗುರ ಹೊಡೆದ ಹಾಗೆ. ಈ ಸೈನಿಕ ನನ್ನ ಮಕ್ಕಳು ನಾಳೆ ಆ ಕಡೆ ಹೋಗ್ತಾರೆ. ಸತ್ತೋಳು ಸತ್ತೇ ಇರ್ಲಿ." ಬಾಗಿಲಲ್ಲಿ ತಿರುಗಿ ಹೇಳಿದ, "ನೀವು ಮಾತ್ರ ಉಳಿಯೋ ಹಾಗಿಲ್ಲ ವೈದ್ಯರೇ. ಬೇಜಾರು ಮಾಡ್ಕೋಬೇಡಿ."

ಆಮೇಲೆ ತಾವ್ ಬಂದಿದ್ದ, ಮೂಗಿಗೆ ಕರವಸ್ತ್ರ ಹಿಡಿದು. ನಾಳೆ ಚಾಂಗಾನ್‌ಗೆ ಹೊರಡುತ್ತಾನೆ. "ನೀನೇ ಕೊಂದೆ ಅಂತ ನಾನೂ ಬರೀಬೇಕಾಗುತ್ತೆ ಶು. ಆಸ್ಥಾನಕ್ಕೂ ಅದೇ ಅನುಕೂಲ. ನಿನ್ನ ಮನೆಯವರನ್ನ ತವರಿಗೆ ಕಳಿಸಿ, ಮೇಲಿನವರ ಕಣ್ಣಿಗೆ ಬೀಳದ ಹಾಗೆ ನೋಡ್ಕೋತೀನಿ, ಅದೊಂದು ಮಾಡ್ತೀನಿ," ಎಂದ. ಎರಡು ಕಡೆಯವರೂ ಒಪ್ಪಿದ ಒಂದೇ ವಿಷಯ ನಾನು. ನನ್ನವಳಿಗೆ ಏನು ಹೇಳಿಕಳಿಸಲಿ ಎಂದು ಕೇಳಿದ. ನಾನು ಆಗ ಬೇರೇನೋ ಯೋಚಿಸುತ್ತಿದ್ದೆ. ಅವಳ ಮಾತು ಸರಿಯಾಗಿತ್ತು ಎಂದು ಹೇಳಿಕಳಿಸಿದೆ.

ಇಪ್ಪತ್ತನೆಯ ದಿನ

ನಾಳೆ ಬೆಳಿಗ್ಗೆ ಎಂದು ಕಾವಲಿನವನು ಹೇಳಿದ. ಒಗೆದ ಅಂಗಿ ಕೊಟ್ಟಿದ್ದಾನೆ. ಮಠದ ಹೆಸರು ಇಲ್ಲಿ ಇಲ್ಲದಿದ್ದರೂ ಈ ಕಾಗದಗಳನ್ನು ಸಂಜೆ ದೀಪಕ್ಕೆ ಹಿಡಿಯುತ್ತೇನೆ.

ಬೆಳಗಿನಿಂದ ಬೆವರುತ್ತಿದ್ದೇನೆ, ಕೂತಲ್ಲಿ ಕೂರಲಾಗುತ್ತಿಲ್ಲ. ಮಠಗಳಲ್ಲಿ ಹೊಸದಾಗಿ ತಲೆ ಬೋಳಿಸಿಕೊಂಡವರಿಗೆ ಮೊದಲು ಕೊಡುವ ಕೆಲಸ ಬಾವಿಯಿಂದ ನೀರು ಸೇದುವುದು. ಇಷ್ಟು ದಿನ ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಒಂದು ಸಲ ಕೆಟ್ಟು ನಿಂತ ಬಸಿರು ಅದು. ಏಳು ತಿಂಗಳು ತುಂಬಿದ ಮೇಲೆ ಲಿಂಗ್‌ಸು ಕೈ ಮೇಲೆತ್ತಿ ಹಗ್ಗ ಎಳೆಯಲೇಬಾರದು, ಒಂದು ಕೊಡವನ್ನೂ ಎತ್ತಬಾರದು. ಹಿರಿಯಳಿಗೆ ಇದನ್ನು ಹೇಳದೆ ಬಂದುಬಿಟ್ಟೆ. ಅವಳಾಗಿ ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ, ಸೇದು ಎಂದರೆ ಸೇದುತ್ತಾಳೆ. ಈಗ ಯಾರ ಕೈಲಿ ಹೇಳಿಕಳಿಸಲಿ?